ಪಟ ಏರಿಸುವ ಮೊದಲು ದಡದ ಮೇಲೆ ಕೂತು ನೋಡಿ

ಹುಡುಗರೇ, ನಮ್ಮ ಮಟಮಾರಿ ಸ್ಟೇಷನ್ನಿನಲ್ಲಿ ಯಾವ ಕಡೆಯ ಗಾಡಿ ಹತ್ತಿದರೂ ಸಮುದ್ರ ದೂರ. ಈ ದೂರವೇ ನನ್ನ ಚಿಂತೆ. ಕಡಲ ಮಗ್ಗುಲಲ್ಲಿ ಹುಟ್ಟಿದ ಮಗುವಿಗೆ ಯಾವ ಹೊತ್ತಿನಲ್ಲಿ ನೀರಿಗೆ ಇಳಿಯಬಾರದು ಎಂಬುದನ್ನು ಯಾರೂ ಪಾಠ ಮಾಡಿ ಹೇಳಬೇಕಿಲ್ಲ. ಅಪ್ಪ ದೋಣಿ ಹಾಕದೆ ದಡದಲ್ಲಿ ಬಲೆ ಬಿಡಿಸುತ್ತ ಕೂತಿದ್ದರೆ ಅದಕ್ಕೆ ಗೊತ್ತಾಗುತ್ತದೆ. ಜೋಳದ ಹೊಲ, ಹತ್ತಿಯ ಹೊಲ ನೋಡಿ ಬೆಳೆದ ನಮಗೆ ಹೇಳಬೇಕಾಗುತ್ತದೆ. ಬ್ಯಾಂಕಿನ ನೌಕರಿಯ ಬಹುಭಾಗವನ್ನು ಹೊನ್ನಾವರ, ಕುಮಟಾ, ಮಲ್ಪೆಗಳಲ್ಲಿ ಕಳೆದು ಊರಿಗೆ ಮರಳಿದವನು ನಾನು. ದೋಣಿ ಸಾಲಕ್ಕೆ ಬಂದ ಖಾರ್ವಿ, ಮೊಗವೀರ, ಹರಿಕಂತ್ರ ಮಂದಿಯ ಜೊತೆ ಕೂತು ನೀರಿನ ಲೆಕ್ಕ ಕಲಿತೆ. ಪಟ ಹಿಡಿದು ನೀರಿನ ಮೇಲೆ ಓಡುವ ವಿದ್ಯೆಯನ್ನು ಅದನ್ನು ಕಲಿಸುವವರಿಂದ ಕೇಳಿ, ಅವರ ಕೆಲಸ ನೋಡಿ ತಿಳಿದೆ.

ಬೆಂಗಳೂರು, ಹೈದರಾಬಾದಿನಲ್ಲಿ ದುಡಿಯುವ ನಿಮ್ಮಲ್ಲಿ ಕೆಲವರು ಕೈಟ್‌ಸರ್ಫಿಂಗ್ ಕಲಿಯುವ ಮಾತಾಡುತ್ತಿದ್ದೀರಿ. ಕಲಿಯಿರಿ. ರಾಯಚೂರು ಸೀಮೆಯ ಹುಡುಗಿಯೊಬ್ಬಳು ಪಟದ ಬಲದಿಂದ ನೀರಿನ ಮೇಲೆ ಓಡಿದರೆ ನನಗಿಂತ ಹೆಚ್ಚು ಸಂತೋಷಪಡುವವರು ಯಾರು? ಆದರೆ ಹೋಗುವ ಮುಂಚೆ ತಿರುಗಿ ಬರುವ ದಾರಿ ಯಾವುದು ಎಂದು ಗೊತ್ತುಮಾಡಿಕೊಳ್ಳಿ. ಈ ಆಟದಲ್ಲಿ ಗಾಳಿಯೂ ನೀರೂ ಎರಡೂ ನಡೆಯುತ್ತಿರುತ್ತವೆ. ಒಂದೊಂದು ಹೊತ್ತಿನಲ್ಲಿ ಎರಡೂ ಸೇರಿ ನಿಮ್ಮನ್ನು ದಡದಿಂದ ದೂರ ಒಯ್ಯುತ್ತವೆ.

ಆಷಾಢದ ಗಾಳಿಗೆ ಮಾಳಿಗೆ ಹತ್ತಿ ನೀವು ಹಾರಿಸಿದ ಪಟ ಹರಿದರೆ ಪಟವಷ್ಟೇ ಹೋಗುತ್ತಿತ್ತು. ಇಲ್ಲಿ ದಾರಕ್ಕೆ ನಿಮ್ಮನ್ನೇ ಕಟ್ಟಿಕೊಂಡಿರುತ್ತೀರಿ. ಸೊಂಟಕ್ಕೆ ಹಾರ್ನೆಸ್, ಕೈಯಲ್ಲಿ ಬಾರ್, ಬಾರಿನಿಂದ 20ರಿಂದ 25 ಮೀಟರ್ ಉದ್ದದ ನಾಲ್ಕು ಲೈನು, ಅದರ ತುದಿಗೆ ಗಾಳಿ ತುಂಬಿದ ದೊಡ್ಡ ಪಟ, ಕಾಲ ಕೆಳಗೆ ಹಲಗೆ. ನೀರಿಗೆ ಬಿದ್ದರೂ ಮತ್ತೆ ಏಳಬಲ್ಲ ಗಾಳಿ ತುಂಬುವ ಪಟಕ್ಕೆ ಫ್ರಾನ್ಸಿನ ಬ್ರೂನೊ ಮತ್ತು ಡೊಮಿನಿಕ್ ಲೆಗೆನ್ಯೂ ಎಂಬ ಅಣ್ಣತಮ್ಮಂದಿರು 1984ರಲ್ಲಿ ಪೇಟೆಂಟ್ ಪಡೆದರು. ನಲವತ್ತು ವರ್ಷದಲ್ಲಿ ಈ ಆಟ ಒಲಿಂಪಿಕ್ಸಿಗೆ ಬಂತು. 2024ರ ಪ್ಯಾರಿಸ್ ಕೂಟದ ಪಟದ ಸ್ಪರ್ಧೆಗಳು ಮಾರ್ಸೇಲ್ ಊರಿನ ಕಡಲಲ್ಲಿ ನಡೆದವು. ಒಂದು ಮಾತು ಮಾತ್ರ ಎಂದೂ ಮರೆಯಬೇಡಿ. ಗಾಳಿಯ ವೇಗ ಎರಡು ಪಟ್ಟಾದರೆ ಅದರ ಎಳೆತ ಎರಡು ಪಟ್ಟಾಗುವುದಿಲ್ಲ, ನಾಲ್ಕು ಪಟ್ಟಾಗುತ್ತದೆ. ತಾಸಿಗೆ 20 ಕಿಲೋಮೀಟರ್ ಗಾಳಿಯಲ್ಲಿ ಹಿತವಾಗಿದ್ದ ಪಟ 40ರ ಹೊಡೆತಕ್ಕೆ ಸಿಕ್ಕರೆ ಆಳನ್ನೇ ನೆಲದಿಂದ ಎತ್ತಿ ಒಗೆಯುತ್ತದೆ.

ನೀರಿನ ವಿಷಯದಲ್ಲಿ ನೀವು ಏನೂ ಅರಿಯದವರಲ್ಲ. ಮಹಾರಾಷ್ಟ್ರದಲ್ಲಿ ಮಳೆ ಸುರಿದು ನಾರಾಯಣಪುರದ ಬಸವಸಾಗರದಿಂದ ಕೃಷ್ಣೆಗೆ ನೀರು ಬಿಟ್ಟರೆ ದೇವದುರ್ಗದ ಹೂವಿನಹೆಡಗಿ ಸೇತುವೆ ಮುಳುಗುತ್ತದೆ. ಅಂದು ನಮ್ಮ ಹೊಲಕ್ಕೆ ಒಂದು ಹನಿಯೂ ಬಿದ್ದಿರುವುದಿಲ್ಲ, ಬಿಸಿಲು ಸುಡುತ್ತಿರುತ್ತದೆ. 2024ರ ಆಗಸ್ಟ್ 10ರ ರಾತ್ರಿ ಹೊಸಪೇಟೆಯ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟು ಕೊಚ್ಚಿಹೋದಾಗ ಮಾನ್ವಿ ಕಡೆಯ ಹೊಳೆದಂಡೆಯ ಊರುಗಳು ಎಚ್ಚರದಲ್ಲಿ ಕೂತಿದ್ದವು. ಕಣ್ಣೆದುರಿನ ಆಕಾಶ ನೋಡಿ ಹೊಳೆಯನ್ನು ನಂಬಬಾರದು ಎಂಬುದು ನಮ್ಮ ಹಿರಿಯರಿಗೆ ಗೊತ್ತಿತ್ತು. ಆ ತಿಳಿವಳಿಕೆಯನ್ನೇ ಕಡಲಿಗೂ ಒಯ್ಯಿರಿ. ಅಲ್ಲಿ ನಿಮ್ಮ ಕಾಲಿಗೆ ಬಂದು ಬಡಿಯುವ ದೊಡ್ಡ ತೆರೆ ಹಿಂದೂ ಮಹಾಸಾಗರದ ದಕ್ಷಿಣದ ಬಿರುಗಾಳಿಯಲ್ಲಿ ಕೆಲವು ದಿನಗಳ ಹಿಂದೆ ಹುಟ್ಟಿದ್ದಿರಬಹುದು. ದಡದಲ್ಲಿ ಎಲೆ ಅಲುಗದಿದ್ದರೂ ತೆರೆ ಬರುತ್ತದೆ. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಇಂಥ ತೆರೆಗಳ ಮುನ್ನೆಚ್ಚರಿಕೆ ಕೊಡುತ್ತದೆ. ಹೊರಡುವ ಹಿಂದಿನ ದಿನವೂ ಇಳಿಯುವ ದಿನದ ಬೆಳಿಗ್ಗೆಯೂ ಅದನ್ನು ನೋಡಿ.

ಈಗ ಉಬ್ಬರ ಇಳಿತದ ಲೆಕ್ಕ. ನಮ್ಮ ಪಡುವಣ ಕರಾವಳಿಯಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಒಂದರಿಂದ ಇನ್ನೊಂದಕ್ಕೆ ಆರು ತಾಸಿಗಿಂತ ಸ್ವಲ್ಪ ಹೆಚ್ಚು. ಆದ್ದರಿಂದ ದಿನದಿಂದ ದಿನಕ್ಕೆ ಹೊತ್ತು ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ನಿನ್ನೆ ನಾಲ್ಕು ಗಂಟೆಗೆ ಅಗಲವಾಗಿದ್ದ ಮರಳು ನಾಳೆ ನಾಲ್ಕಕ್ಕೆ ಅಷ್ಟೇ ಇರುವುದಿಲ್ಲ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸು ಏರಿಳಿತ ಹೆಚ್ಚು, ಅಷ್ಟಮಿಯ ಹತ್ತಿರ ಕಡಿಮೆ. ಕ್ಯಾಲೆಂಡರಿನಲ್ಲಿ ತಿಥಿ ನೋಡಲು ಬರುವ ಮನೆಯವರು ನಾವು. ಅರ್ಧ ಲೆಕ್ಕ ಗೋಡೆಯ ಮೇಲೆ ತೂಗುತ್ತಿದೆ. ಉಳಿದ ಅರ್ಧ ಆ ಊರಿನ ಉಬ್ಬರದ ವೇಳಾಪಟ್ಟಿಯಲ್ಲಿದೆ.

ಕಾರವಾರ, ಗೋಕರ್ಣದ ಕಡೆ ದೊಡ್ಡ ಏರಿಳಿತ ಎಂದರೂ ಎರಡು ಮೀಟರಿನ ಆಸುಪಾಸು. ಗುಜರಾತಿನ ಖಂಭಾತ್ ಕೊಲ್ಲಿಯಲ್ಲಿ ಹತ್ತು ಮೀಟರಿನವರೆಗೂ ಹೋಗುತ್ತದೆ. ಎರಡೇ ಮೀಟರು ಎಂದು ಸಸಾರ ಮಾಡಬೇಡಿ. ಇಳಿಜಾರು ಕಡಿಮೆ ಇರುವ ದಡದಲ್ಲಿ ಅಷ್ಟು ಏರಿದರೆ ಪಟ ಹಾಸಿದ್ದ ಮರಳೆಲ್ಲ ನೀರಿನಡಿಗೆ ಹೋಗುತ್ತದೆ. ನೀವು ಮರಳಿ ಬಂದಾಗ ಪಟ ಇಳಿಸಲು ತೆಂಗಿನಮರದ ಸಾಲು, ತಡೆಗೋಡೆಯ ಕಲ್ಲು ಬಿಟ್ಟು ಬೇರೆ ಜಾಗ ಇರುವುದಿಲ್ಲ. ಇಳಿತದಲ್ಲಿ ಇದರ ತಿರುಗುಮುರುಗು. ಬೆಳಿಗ್ಗೆ ಎದೆಮಟ್ಟದ ನೀರಿದ್ದಲ್ಲಿ ಸಂಜೆಗೆ ಬಂಡೆ ತಲೆ ಎತ್ತಿರುತ್ತದೆ. ಇನ್ನೊಂದು, ನೀರು ಆರು ತಾಸೂ ಒಂದೇ ಸಮ ಏರುವುದಿಲ್ಲ. ಮೊದಲ ತಾಸು, ಕೊನೆಯ ತಾಸು ನಿಧಾನ. ನಡುವಿನ ಎರಡು ತಾಸಿನಲ್ಲಿ ಅರ್ಧದಷ್ಟು ನೀರು ಸರಿದುಬಿಡುತ್ತದೆ. ಸೆಳೆತ ಬಲವಾಗಿರುವುದು ಆಗಲೇ. ಹೊಸಬರು ಆ ಹೊತ್ತಿನಲ್ಲಿ ದಡದ ಮೇಲಿರುವುದು ಲೇಸು.

ಗಾಳಿಯ ಮಾತಿಗೆ ಬಂದರೆ, ನನಗೆ ಹೆಚ್ಚು ಭಯ ಹುಟ್ಟಿಸುವುದು ಬೆಳಗಿನ ಮೂಡುಗಾಳಿ. ಡಿಸೆಂಬರ್, ಜನವರಿಯ ಮುಂಜಾನೆ ಬೀಚಿಗೆ ಹೋಗಿ ನಿಂತು ನೋಡಿ. ದಡದ ಹತ್ತಿರ ನೀರು ತೆರೆಯಿಲ್ಲದೆ ನುಣ್ಣಗೆ ಇರುತ್ತದೆ. ಕಲಿಯಲು ಇದಕ್ಕಿಂತ ಒಳ್ಳೆಯ ಹೊತ್ತು ಇಲ್ಲ ಅನ್ನಿಸುತ್ತದೆ. ರಾತ್ರಿ ತಣಿದ ನೆಲದಿಂದ, ಘಟ್ಟದ ಕಡೆಯಿಂದ ಬರುವ ಗಾಳಿ ಆ ನೀರನ್ನು ಹಿಂದಿನಿಂದ ಹೊರಕ್ಕೆ ತಳ್ಳುತ್ತಿರುತ್ತದೆ. ಮರ, ಮನೆಗಳ ಮರೆಯಿರುವುದರಿಂದ ದಡದಲ್ಲಿ ಅದು ತಿಳಿಯುವುದೇ ಇಲ್ಲ. ಇನ್ನೂರು ಮುನ್ನೂರು ಮೀಟರು ಹೊರಗೆ ಹೋದಾಗ ಬಲ ಗೊತ್ತಾಗುತ್ತದೆ. ಅಷ್ಟರಲ್ಲಿ ನಿಮ್ಮ ಪಟದ ಮೂತಿ ಅರಬ್ಬಿ ಸಮುದ್ರದ ಕಡೆಗಿರುತ್ತದೆ. ದಡದಿಂದ ಕಡಲಿಗೆ ಬೀಸುವ ಗಾಳಿಯಲ್ಲಿ, ಹಿಂದೆ ಬರಲು ಮೋಟಾರು ದೋಣಿ ಕಾಯುತ್ತಿಲ್ಲದಿದ್ದರೆ, ಎಷ್ಟೇ ಬಲ್ಲವರಾದರೂ ಇಳಿಯಬೇಡಿ.

ಕಡಲಿನಿಂದ ನೇರ ದಡಕ್ಕೆ ಬೀಸುವ ಗಾಳಿಯೂ ಹೊಸಬರಿಗೆ ಒಳ್ಳೆಯದಲ್ಲ. ಪಟ ಏರಿಸಿದ ಕೂಡಲೇ ಅದು ನಿಮ್ಮನ್ನು ಮರ, ಗೋಡೆ, ಅಂಗಡಿ, ಜನರ ಮೇಲೆ ಎಳೆದುಕೊಂಡು ಹೋಗಬಹುದು. ಬೇಕಾದದ್ದು ಓರೆಯಾಗಿ ದಡಕ್ಕೆ ಬರುವ ಗಾಳಿ. ದೇವರು ನಮ್ಮ ಕರಾವಳಿಗೆ ಅದನ್ನು ಕೊಟ್ಟಿದ್ದಾನೆ. ಫೆಬ್ರವರಿಯಿಂದ ಮೇವರೆಗೆ ನೆಲ ಕಾದಮೇಲೆ, ಮಧ್ಯಾಹ್ನ ವಾಯವ್ಯದಿಂದ ಕಡಲಗಾಳಿ ಏಳುತ್ತದೆ. ಕಡಲಿಗೆ ಮುಖಮಾಡಿ ನಿಂತರೆ ಅದು ನಿಮ್ಮ ಬಲಗಡೆಯಿಂದ ಬಂದು ಓರೆಯಾಗಿ ದಡ ಸೇರುತ್ತದೆ. ಗಾಳಿಗೆದುರಾಗಿ ಪಟ ಓಡಿಸುವುದು ಹೊಸಬರಿಗೆ ಬರುವುದಿಲ್ಲ. ಆದ್ದರಿಂದ ನೀವು ಜಾರಿಕೊಂಡು ಹೋಗುವುದು ಎಡಕ್ಕೆ, ಅಂದರೆ ದಕ್ಷಿಣಕ್ಕೆ. ಯಾವ ಬೀಚಿಗೆ ಹೋದರೂ ಮೊದಲು ಅದರ ದಕ್ಷಿಣದ ತುದಿಯವರೆಗೆ ನಡೆದುಹೋಗಿ ಅಲ್ಲಿ ಏನಿದೆ ನೋಡಿ. ಗೋಕರ್ಣದ ದೊಡ್ಡ ಬೀಚಿನ ದಕ್ಷಿಣಕ್ಕೆ ಬಂಡೆಗುಡ್ಡ. ಕಾರವಾರದ ಟಾಗೋರ್ ಬೀಚಿನ ದಕ್ಷಿಣಕ್ಕೆ ಬೈತಖೋಲದ ಬಂದರು. ಮಲ್ಪೆಯ ದಕ್ಷಿಣಕ್ಕೆ ಮೀನುಗಾರಿಕೆ ಬಂದರಿನ ಬಾಯಿ, ಅಲ್ಲಿ ಬೋಟುಗಳ ಓಡಾಟಕ್ಕೆ ಬಿಡುವಿಲ್ಲ. ಉತ್ತರದ ತುದಿಯಲ್ಲಿ ಇಳಿದರೆ ಎಷ್ಟು ಜಾಗ ಸಿಗುತ್ತದೆ, ಎಲ್ಲಿಗೆ ಬಂದಾಗ ಹೊರಬೀಳಬೇಕು ಎಂದು ಮೊದಲೇ ಒಂದು ಗುರುತು ಇಟ್ಟುಕೊಳ್ಳಿ. ಮರವೋ, ದೀಪಸ್ತಂಭವೋ, ದೇವಸ್ಥಾನದ ಗೋಪುರವೋ ಆದೀತು. ಆ ಗುರುತು ಬಂದಾಗ ಆಟ ಎಷ್ಟೇ ಚೆನ್ನಾಗಿ ನಡೆದಿರಲಿ, ದಡಕ್ಕೆ ಬನ್ನಿ.

ಮರವಂತೆಯ ಚಂದಕ್ಕೆ ಮನಸೋಲದವರಿಲ್ಲ. ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕೆ, ನಡುವೆ ಹೆದ್ದಾರಿ. ಪಟಕ್ಕೆ ಮಾತ್ರ ಅದು ಜಾಗವಲ್ಲ. ತಡೆಗಲ್ಲು, ವಾಹನ ಎಲ್ಲವೂ ಲೈನಿನ ಉದ್ದದೊಳಗೇ ಇವೆ. ಗೋಕರ್ಣದ ಓಂ ಬೀಚು, ಹಾಫ್‌ಮೂನ್ ಬೀಚುಗಳೂ ಬೇಡ. ಗುಡ್ಡದ ಸಂದಿಯಲ್ಲಿ ಗಾಳಿ ಸುತ್ತುತ್ತದೆ, ನಾಲ್ಕು ಕಡೆ ಬಂಡೆ.

ಎಲ್ಲಕ್ಕಿಂತ ಹೆಚ್ಚು ದೂರ ಇರಬೇಕಾದದ್ದು ಅಳಿವೆಗಳಿಂದ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಕಡಲು ಸೇರುವ ಬಾಯಿಗಳು ನೋಡಲು ವಿಶಾಲ, ಶಾಂತ. ಮುಲ್ಕಿಯ ಪಕ್ಕ ಸಸಿಹಿತ್ಲುವಿನಲ್ಲಿ ಶಾಂಭವಿ, ನಂದಿನಿ ಕೂಡಿ ಕಡಲು ಸೇರುವಲ್ಲಿ ಸರ್ಫಿಂಗ್ ಸ್ಪರ್ಧೆಗಳೇ ನಡೆದಿವೆ ಎಂದು ನೀವು ಹೇಳಬಹುದು. ನಿಜ. ಅದು ಆ ನೀರನ್ನು ಬಲ್ಲವರು ಹಲಗೆಯ ಮೇಲೆ ಆಡುವ ಆಟ, ಸುತ್ತ ಕಾಯುವವರೂ ಇರುತ್ತಾರೆ. ಅಳಿವೆಯ ಒಳಗೆ ಉಬ್ಬರದಲ್ಲಿ ತುಂಬಿಕೊಂಡ ನೀರೆಲ್ಲ ಇಳಿತದಲ್ಲಿ ಆ ಕಿರಿದಾದ ಬಾಯಿಯಿಂದಲೇ ಹೊರಗೆ ಹೋಗಬೇಕು. ಹುಣ್ಣಿಮೆ, ಅಮಾವಾಸ್ಯೆಯ ದಿನಗಳಲ್ಲಿ ನಮ್ಮ ಕರಾವಳಿಯ ಹಗಲಿನ ಉಬ್ಬರ ನಡುಹಗಲ ಹೊತ್ತಿಗೆ ಮುಗಿದು, ಅಲ್ಲಿಂದ ಸಂಜೆಯವರೆಗೆ ಇಳಿತ. ಕಡಲಗಾಳಿ ಏಳುವುದೂ ಅದೇ ಹೊತ್ತಿಗೆ. ಗಾಳಿ ಒಳಕ್ಕೆ, ನೀರು ಹೊರಕ್ಕೆ. ಎರಡೂ ಎದುರಾದಲ್ಲಿ ತೆರೆ ಒತ್ತೊತ್ತಾಗಿ, ಕಡಿದಾಗಿ ಏಳುತ್ತದೆ. ಪಟ ಮೇಲಿರುವವರೆಗೆ ಏನೂ ಗೊತ್ತಾಗುವುದಿಲ್ಲ. ಪಟ ಬಿದ್ದ ಗಳಿಗೆಯಲ್ಲಿ ಅದನ್ನು ಗಾಳಿ ಒಂದು ಕಡೆ, ನಿಮ್ಮನ್ನು ನೀರು ಇನ್ನೊಂದು ಕಡೆ ಎಳೆಯುತ್ತದೆ, ನಡುವೆ ಲೈನು ಬಿಗಿಯುತ್ತದೆ. ಅಳಿವೆಯಿಂದ ಒಂದು ಕಿಲೋಮೀಟರಾದರೂ ಆಚೆ ಇರಿ ಎಂಬುದು ನನ್ನ ಮಾತು. ಮೀನುಗಾರರೇ ಹೊತ್ತು ನೋಡಿ ದಾಟುವ ಜಾಗ ಅದು.

ಹಾಗಾದರೆ ಕಲಿಯುವುದೆಲ್ಲಿ? ನನ್ನನ್ನು ಕೇಳಿದರೆ, ಮೊದಲ ಪಾಠಕ್ಕೆ ಕರ್ನಾಟಕದ ಕರಾವಳಿ ಬೇಡ. ಇಲ್ಲಿ ಒಳ್ಳೆಯ ಕಾಲದಲ್ಲಿ ಗಾಳಿ ಸಣ್ಣದು, ಗಾಳಿ ಬಲವಾಗುವ ಕಾಲದಲ್ಲಿ ಮಳೆಗಾಲದ ಕಡಲು. ತಮಿಳುನಾಡಿನ ರಾಮೇಶ್ವರಕ್ಕೆ ಹೋಗಿ. ಉತ್ತರಕ್ಕೆ ಪಾಕ್ ಕೊಲ್ಲಿ, ದಕ್ಷಿಣಕ್ಕೆ ಮನ್ನಾರ್ ಕೊಲ್ಲಿ. ಬೇಸಿಗೆಯಿಂದ ನೈಋತ್ಯದ ಗಾಳಿ, ಚಳಿಗಾಲದಲ್ಲಿ ಈಶಾನ್ಯದ ಗಾಳಿ, ಯಾವುದು ಬೀಸಿದರೂ ಒಂದು ಬದಿಯಲ್ಲಿ ನೀರು ಸಮತಟ್ಟಾಗಿ ಸಿಗುತ್ತದೆ. ಏರಿಳಿತ ಒಂದು ಮೀಟರಿಗಿಂತ ಕಡಿಮೆ. ಎಷ್ಟೋ ಕಡೆ ಸೊಂಟಮಟ್ಟದ ನೀರು, ಬಿದ್ದರೆ ಎದ್ದು ನಿಲ್ಲಬಹುದು. ಅಲ್ಲೂ ತೂತುಕುಡಿಯಲ್ಲೂ ಕಲಿಸುವ ಶಾಲೆಗಳಿವೆ. ಗೋವಾದ ಉತ್ತರದ ಬೀಚುಗಳಲ್ಲೂ ಇವೆ. ಕಲಿಸುವವನ ಹತ್ತಿರ ಐಕೆಒದಂಥ ಸಂಸ್ಥೆಯ ಪ್ರಮಾಣಪತ್ರ ಇದೆಯೇ, ಹಿಂದೆ ಬರಲು ದೋಣಿ ಇದೆಯೇ, ನಿಮ್ಮ ತಲೆಗೆ ಹೆಲ್ಮೆಟ್, ಮೈಗೆ ತೇಲುವ ಜಾಕೆಟ್ ಕೊಡುತ್ತಾನೆಯೇ, ಕೇಳಿ. ಕೇಳಲು ನಾಚಿಕೊಳ್ಳಬೇಡಿ. ಒಳ್ಳೆಯ ಗುರು ಮೊದಲ ದಿನ ಹಲಗೆ ಮುಟ್ಟಿಸುವುದೇ ಇಲ್ಲ. ಸಣ್ಣ ಪಟ ಕೊಟ್ಟು ಮರಳಿನ ಮೇಲೆ ಆಡಿಸುತ್ತಾನೆ, ಆಮೇಲೆ ಹಲಗೆಯಿಲ್ಲದೆ ನೀರಿನಲ್ಲಿ ಮೈ ಎಳೆಸುತ್ತಾನೆ. ಮೊದಲ ದಿನವೇ ಹಲಗೆಯ ಮೇಲೆ ನಿಲ್ಲಿಸಿ ಫೋಟೊ ತೆಗೆಸಿಕೊಡುವವನ ಹತ್ತಿರ ಹೋಗಬೇಡಿ. ಯೂಟ್ಯೂಬ್ ನೋಡಿ, ಹಳೆಯ ಪಟ ಅಗ್ಗಕ್ಕೆ ಕೊಂಡು, ತಾವೇ ಕಲಿಯುತ್ತೇವೆ ಎಂದು ಹೊರಡುವವರು ನಿಮ್ಮಲ್ಲಿದ್ದರೆ ಗೆಳೆಯರಾದವರು ತಡೆಯಿರಿ.

ನಿಮ್ಮ ಜೀವ ಉಳಿಸುವ ಸಾಮಾನು ಒಂದೇ ಒಂದು ಎಂದರೆ ಬಾರಿನ ಹತ್ತಿರ ಇರುವ ಕೆಂಪು ಹಿಡಿ, ಕ್ವಿಕ್ ರಿಲೀಸ್. ಎಳೆತ ಹೆಚ್ಚಾಯಿತೋ, ಮೊದಲು ಬಾರ್ ಕೈಬಿಡಿ. ಪಟ ಬಹುಪಾಲು ಬಲ ಕಳೆದುಕೊಳ್ಳುತ್ತದೆ. ಅದೂ ಸಾಲದಿದ್ದರೆ ಕೆಂಪು ಹಿಡಿಯನ್ನು ಬಿಡಿಸಿ, ಪಟ ಒಂದೇ ಲೈನಿಗೆ ನೇತುಬಿದ್ದು ಸೋಲುತ್ತದೆ. ಅದಾದ ಮೇಲೂ ಎಳೆಯುತ್ತಿದ್ದರೆ ನಿಮ್ಮನ್ನು ಪಟಕ್ಕೆ ಕಟ್ಟಿದ ಕೊನೆಯ ಹಗ್ಗ, ಲೀಶಿನ ಕೊಂಡಿಯನ್ನೂ ಬಿಚ್ಚಿ ಪಟವನ್ನು ಹೋಗಗೊಡಿ. ಬೆಲೆ ನೆನಪಾಗಿ ಕೈ ತಡೆಯುತ್ತದೆ. ಪಟ ಮತ್ತೆ ಕೊಳ್ಳಬಹುದು ತಮ್ಮಾ. ಜೀವ ಹೆದರಿದಾಗ ಮನುಷ್ಯನ ಕೈ ತಾನಾಗಿ ಬಾರನ್ನು ಇನ್ನಷ್ಟು ಬಿಗಿಯಾಗಿ ಹಿಡಿದು ಎದೆಗೆಳೆದುಕೊಳ್ಳುತ್ತದೆ, ಪಟದ ಬಲ ಹೆಚ್ಚುವುದೇ ಆಗ. ಅದಕ್ಕೆ ಮದ್ದು ಅಭ್ಯಾಸ ಒಂದೇ. ಪ್ರತಿ ಸಲ ನೀರಿಗಿಳಿಯುವ ಮೊದಲು ಕಣ್ಣು ಮುಚ್ಚಿ ಆ ಹಿಡಿಯನ್ನು ಹುಡುಕಿ, ಬಿಡಿಸಿ, ಮತ್ತೆ ಜೋಡಿಸಿ. ಉಪ್ಪು, ಮರಳು ಸೇರಿ ಅದು ಕಚ್ಚಿಕೊಳ್ಳುತ್ತದೆ. ಆಟ ಮುಗಿದ ಮೇಲೆ ಸಿಹಿನೀರಿನಲ್ಲಿ ತೊಳೆಯಿರಿ.

ಪಟ ಏರಿಸುವಾಗ ಗಾಳಿ ಹೋಗುವ ದಿಕ್ಕಿನಲ್ಲಿ ನೂರು ಮೀಟರಾದರೂ ಬಯಲಿರಲಿ. ಜನ, ದನ, ದೋಣಿ, ಕರೆಂಟಿನ ತಂತಿ ಒಂದೂ ಬೇಡ. ಏರಿಸಿಕೊಡಲು ತಿಳಿದವರೊಬ್ಬರು ಇರಲಿ. ಪಟವನ್ನು ನೆತ್ತಿಯ ಮೇಲೆ ನಿಲ್ಲಿಸಿಕೊಂಡು ದಡದಲ್ಲಿ ಮಾತಾಡುತ್ತ ನಿಲ್ಲಬೇಡಿ, ಗಾಳಿಯ ಒಂದು ಹೊಡೆತ ಬಂದರೆ ಮೇಲಕ್ಕೆ ಎತ್ತುತ್ತದೆ. ನೀರಿನ ಕಡೆಗೆ ತಗ್ಗಿನಲ್ಲಿ ಹಿಡಿದು ಬೇಗ ನೀರು ಸೇರಿಬಿಡಿ. ಬಿಗಿದ ಲೈನನ್ನು ಬರಿಗೈಯಲ್ಲಿ ಹಿಡಿಯಬೇಡಿ, ಬೆರಳಿಗೆ ಸುತ್ತಿಕೊಳ್ಳಲೇಬೇಡಿ. ಹಾರ್ನೆಸ್ಸಿನಲ್ಲಿ ಲೈನು ಕತ್ತರಿಸುವ ಸಣ್ಣ ಚಾಕು ಇರಲಿ.

ಪಟ ನೀರಿಗೆ ಬಿದ್ದು ಏಳದೆ ಹೋದರೆ ಹಲಗೆ ಹುಡುಕಲು ಹೋಗಬೇಡಿ. ಕ್ವಿಕ್ ರಿಲೀಸ್ ಬಿಡಿಸಿ, ಸೋತ ಪಟದ ಆ ಒಂದು ಲೈನನ್ನು ಮೊದಲು ಬಾರಿಗೆ ಸಾಕಷ್ಟು ಸುತ್ತಿ ಗಿಡ್ಡಮಾಡಿ, ಆಗ ಪಟ ಮತ್ತೆ ಗಾಳಿ ಹಿಡಿಯುವುದಿಲ್ಲ. ಆಮೇಲೆ ಉಳಿದ ಲೈನುಗಳನ್ನೂ ಸುತ್ತುತ್ತ ಪಟದ ಹತ್ತಿರ ಹೋಗಿ, ಅದರ ಮೇಲೆ ಒರಗಿ, ಒಂದು ತುದಿಯನ್ನು ಎತ್ತಿ ಹಿಡಿಯಿರಿ. ಗಾಳಿ ತುಂಬಿದ ಪಟ ನಿಮ್ಮನ್ನು ತೇಲಿಸುತ್ತದೆ, ಹಾಯಿಯಾಗಿ ದಡಕ್ಕೂ ಒಯ್ಯುತ್ತದೆ. ಗಾಳಿ ದಡದ ಕಡೆ ಬೀಸುತ್ತಿದ್ದರೆ ಮಾತ್ರ. ಮೂಡುಗಾಳಿಗೆ ಇಳಿಯಬೇಡಿ ಎಂದು ಅಷ್ಟು ಒತ್ತಿ ಹೇಳಿದ್ದು ಇದಕ್ಕೇ.

ಈಜು ಬರದವರು ಮೊದಲು ಈಜು ಕಲಿಯಿರಿ. ತುಂಗಭದ್ರಾ ಎಡದಂಡೆ ಕಾಲುವೆಯಲ್ಲೋ, ಹೊಲದ ಬಾವಿಯಲ್ಲೋ ಕಲಿತ ಈಜು ಅರ್ಧ ಮಾತ್ರ. ಕಡಲಿನಲ್ಲಿ ಹಿಡಿಯಲು ದಂಡೆ ಇರುವುದಿಲ್ಲ. ತೆರೆ ಒಡೆಯುವ ಸಾಲಿನ ನಡುವೆ ಒಂದು ಪಟ್ಟಿ ಮಾತ್ರ ಶಾಂತವಾಗಿದ್ದರೆ, ಅದು ನೀರು ಹೊರಗೆ ಓಡುವ ಸೆಳವು. ಅದಕ್ಕೆ ಸಿಕ್ಕರೆ ದಡದ ಕಡೆ ಈಜಿ ದಣಿಯಬೇಡಿ. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ, ಸೆಳವು ಬಿಟ್ಟಮೇಲೆ ತೆರೆಗಳ ಜೊತೆ ಒಳಬನ್ನಿ. 2024ರ ಡಿಸೆಂಬರಿನಲ್ಲಿ ಮುಳಬಾಗಿಲು ತಾಲ್ಲೂಕಿನ ವಸತಿ ಶಾಲೆಯೊಂದರಿಂದ ಪ್ರವಾಸ ಬಂದ ನಾಲ್ವರು ಹೆಣ್ಣುಮಕ್ಕಳು ಮುರುಡೇಶ್ವರದಲ್ಲಿ ನೀರುಪಾಲಾದರು. ಅವರೂ ನಮ್ಮಂತೆ ಬಯಲುಸೀಮೆಯ ಮಕ್ಕಳು. ಆ ಸುದ್ದಿ ಓದಿದ ದಿನ ನನಗೆ ಊಟ ಸೇರಲಿಲ್ಲ. ಕಾವಲಿನವರು ಶಿಳ್ಳೆ ಹೊಡೆದು ಕರೆದರೆ ವಾದ ಮಾಡಬೇಡಿ, ಬನ್ನಿ. ಕೆಂಪು ಹಳದಿ ಬಾವುಟಗಳ ನಡುವೆ ಜನ ಈಜುತ್ತಿರುತ್ತಾರೆ, ನಿಮ್ಮ ಪಟ ಆ ಕಡೆ ಸುಳಿಯಬಾರದು.

ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಬೋಟುಗಳು ಕಡಲಿಗಿಳಿಯುವುದಿಲ್ಲ. ಮೀನಿನ ಸಂತಾನಕ್ಕಾಗಿ ಇರುವ ಆ ನಿಷೇಧ ಮಳೆಗಾಲದ ಕಡಲಿನ ಕಾಲವೂ ಹೌದು. ನಿಮ್ಮ ಪಟಕ್ಕೂ ಅದೇ ನಿಯಮ ಹಾಕಿಕೊಳ್ಳಿ, ಅದನ್ನು ಸೆಪ್ಟೆಂಬರ್ ಕಳೆಯುವವರೆಗೂ ಪಾಲಿಸಿ. ಏಪ್ರಿಲ್, ಮೇ ಮತ್ತು ಅಕ್ಟೋಬರಿನ ಸಂಜೆಗಳಲ್ಲಿ ಘಟ್ಟದ ಕಡೆ ಮೋಡ ಕಪ್ಪಾಗಿ ಗುಡುಗು ಕೇಳಿದರೆ, ಇಲ್ಲಿ ಬಿಸಿಲಿದ್ದರೂ ಪಟ ಇಳಿಸಿಬಿಡಿ. ಮಳೆಗಿಂತ ಮೊದಲು ಗಾಳಿಯ ಹೊಡೆತ ಬರುತ್ತದೆ, ಸಿಡಿಲಿಗೆ ನಿಮ್ಮ ಲೈನುಗಳೇ ದಾರಿಯಾಗಬಹುದು.

ದಡ ಮೀನುಗಾರರದು ಎಂಬುದನ್ನು ನೆನಪಿಡಿ. ರಂಪಣಿ ಬಲೆ ಎಳೆಯುತ್ತಿರುವಲ್ಲಿ, ನಾಡದೋಣಿ ಹಾಕಿ ತೆಗೆಯುವಲ್ಲಿ ಪಟ ಹಾಸಬೇಡಿ. ನೀರಿನಲ್ಲಿ ತೇಲುವ ಬೆಂಡಿನ ಸಾಲು ಕಂಡರೆ ಕೆಳಗೆ ಬಲೆ ಇದೆ ಎಂದು ತಿಳಿದು ಸುತ್ತಿ ಹೋಗಿ. ಹೋದ ಕೂಡಲೇ ಅಲ್ಲಿನ ಹಿರಿಯರೊಬ್ಬರಿಗೆ ನಮಸ್ಕಾರ ಹೇಳಿ, ಇವತ್ತು ನೀರು ಹೇಗಿದೆ ಅಣ್ಣಾ ಎಂದು ಕೇಳಿ. ಮೊಬೈಲಿನಲ್ಲಿ ಸಿಗದ್ದು ಅವರ ಬಾಯಲ್ಲಿ ಸಿಗುತ್ತದೆ. ಅವರು ಬೇಡ ಎಂದ ದಿನ ಇಳಿಯಬೇಡಿ. ಆಪತ್ತಿನಲ್ಲಿ ಮೊದಲು ದೋಣಿ ತಿರುಗಿಸುವವರೂ ಅವರೇ.

ಅರ್ಧ ತಾಸು ದಡದ ಮೇಲೆ ಕೂತು ನೋಡಿ. ಮರಳಿನ ಮೇಲೆ ನೀರು ಮುಟ್ಟುವ ಗೆರೆಗೆ ಒಂದು ಕಡ್ಡಿ ನೆಡಿ. ಅರ್ಧ ತಾಸಿನಲ್ಲಿ ಅದು ಮುಳುಗಿತೋ ಒಣಗಿತೋ ಗೊತ್ತಾಗುತ್ತದೆ. ಒಂದು ಹಿಡಿ ಒಣಮರಳು ಬಿಟ್ಟು ಗಾಳಿಯ ದಿಕ್ಕು ನೋಡಿ. ನೀರು ಕುಡಿದು ಇಳಿಯಿರಿ. ರಾಯಚೂರಿನ ಬಿಸಿಲು ಕಂಡವರೆಂದು ಬೀಗಬೇಡಿ, ಕಡಲಗಾಳಿಯ ತಂಪಿನಲ್ಲಿ ಮೈ ಸುಟ್ಟದ್ದು, ದಣಿದದ್ದು ತಿಳಿಯುವುದಿಲ್ಲ. ಒಬ್ಬರೇ ಹೋಗಬೇಡಿ. ದಡದಲ್ಲಿ ಕೂರುವ ಗೆಳೆಯನಿಗೆ ಎಷ್ಟು ಹೊತ್ತಿಗೆ ಹೊರಬರುತ್ತೀರಿ ಎಂದು ಹೇಳಿ, ಅವನ ಫೋನಿನಲ್ಲಿ 112, ಕೋಸ್ಟ್ ಗಾರ್ಡಿನ 1554 ಎರಡೂ ಬರೆಸಿಡಿ. ಆಫೀಸಿನ ಕೆಲಸಕ್ಕೆ ಹೊರಗೆ ಹೊರಟಿದ್ದೇನೆ ಎಂದು ಮನೆಯಲ್ಲಿ ಸುಳ್ಳು ಹೇಳಿ ಹೋಗಬೇಡಿ. ಯಾವ ಊರು, ಯಾವ ಬೀಚು, ಯಾರ ಜೊತೆ, ಇಷ್ಟನ್ನು ಅವ್ವನಿಗೆ ಹೇಳಿಯೇ ಹೊರಡಿ. ನೀರಿನಿಂದ ಹೊರಗೆ ಬಂದಮೇಲೆ ಒಂದು ಫೋನು ಮಾಡಿ.